ಕೌಂಟರಿನಲ್ಲಿ ಕಾಣದ ಗುಣ

ಮುಂದಿನ ಸಲ ಊರಿಗೆ ಹೋದಾಗ ಒಂದು ಸಣ್ಣ ಕೆಲಸ ಮಾಡಿ. ಪಡಸಾಲೆಯ ಗೋಡೆ ಮೇಲಿರುವ ಅಜ್ಜನ ಕಪ್ಪು-ಬಿಳುಪು ಫೋಟೊವನ್ನು ಹತ್ತಿರ ಹೋಗಿ ನೋಡಿ. ಆಮೇಲೆ ಬೀರುವಿನಲ್ಲಿರುವ ಅಪ್ಪ-ಅಮ್ಮನ ಮದುವೆ ಆಲ್ಬಮ್ ತೆಗೆಯಿರಿ. ಎಂಬತ್ತರ ದಶಕದ ಕಲರ್ ಫೋಟೊಗಳಾದರೆ ಇನ್ನೂ ಒಳ್ಳೇದು. ಬಹಳಷ್ಟು ಮನೆಗಳಲ್ಲಿ ಕಾಣೋದು ಒಂದೇ ಕಥೆ. ಅಜ್ಜನ ಮೀಸೆಯ ಕೂದಲು ಒಂದೊಂದಾಗಿ ಎಣಿಸಬಹುದು. ಅಮ್ಮನ ಧಾರೆ ಸೀರೆ ಯಾವ ಬಣ್ಣದ್ದು ಅಂತ ಮಾತ್ರ ಅಮ್ಮನನ್ನೇ ಕೇಳಬೇಕು. ಸೀರೆ, ಚಪ್ಪರ, ಪುರೋಹಿತರು, ಹಿಂದೆ ನಿಂತ ಸೋದರಮಾವ, ಎಲ್ಲರೂ ಒಂದೇ ಕೆಂಪು ಮಂಜಿನೊಳಗೆ ಸೇರಿಹೋಗಿರುತ್ತಾರೆ.

ಹಳೇದು ಉಳಿದಿದೆ, ಹೊಸದು ಹಾಳಾಗಿದೆ. "ಹಿಂದಿನ ಕಾಲದ ವಸ್ತುವೇ ಹಾಗೆ ಕಣಪ್ಪ, ಗಟ್ಟಿ" ಅನ್ನೋದು ಸುಲಭದ ಉತ್ತರ. ಆದರೆ ಸರಿಯಾದ ಉತ್ತರ ಅಲ್ಲ. ಹಿಂದಿನ ಕಾಲದಲ್ಲೂ ಫೋಟೊಗಳು ಸಾಲುಸಾಲಾಗಿ ಹಾಳಾಗಿವೆ, ಹಾಳಾದವು ಗೋಡೆ ಮೇಲೆ ಉಳಿದಿಲ್ಲ, ಅಷ್ಟೇ. ಫೋಟೊ ತೆಗೆಸಿಕೊಂಡವರು ಪ್ರಿಂಟನ್ನು ನೋಡಿ ಒಪ್ಪಿಕೊಳ್ಳೋದು ಸ್ಟುಡಿಯೋ ಕೌಂಟರಿನಲ್ಲಿ, ಒಂದೆರಡು ನಿಮಿಷದಲ್ಲಿ. ಆ ಪ್ರಿಂಟು ನಿಜಕ್ಕೂ ಎಂಥದ್ದು ಅಂತ ಗೊತ್ತಾಗೋದು ಇಪ್ಪತ್ತು, ಮೂವತ್ತು ವರ್ಷದ ಮೇಲೆ. ಭಾವಚಿತ್ರದ ಪ್ರಿಂಟಿನ ಚರಿತ್ರೆಯೆಲ್ಲ ಈ ಎರಡು ದಿನಗಳ ನಡುವಿನ ಅಂತರದ ಚರಿತ್ರೆ. ಮೊದಲ ದಿನ ಗ್ರಾಹಕನಿಗೆ ಕಾಣದ್ದನ್ನು ಪ್ರಿಂಟ್ ಹಾಕಿದವನು ಅವನ ಪರವಾಗಿ ನೋಡಿಕೊಂಡನೋ ಇಲ್ಲವೋ ಅನ್ನೋದೇ ಇಲ್ಲಿ ಮುಖ್ಯ ಪ್ರಶ್ನೆ.

ಶುರುವಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಲೂಯಿ ದಾಗೇರ್‌ನ ವಿಧಾನವನ್ನು ಜಗತ್ತಿಗೆ ಬಿಡಿಸಿ ಹೇಳಿದರು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ನೇರವಾಗಿ ಮೂಡುತ್ತಿತ್ತು. ಬೆರಳು ಸೋಕಿದರೆ ಅಳಿಸಿಹೋಗುವಷ್ಟು ನವಿರು, ಅದಕ್ಕೇ ಗಾಜು ಮುಚ್ಚಿ ಪುಟ್ಟ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು. ನೆಗೆಟಿವ್ ಇಲ್ಲ, ಎರಡನೇ ಪ್ರತಿ ಇಲ್ಲ, ಹಾಗಾಗಿ ಪ್ರಿಂಟು ಅನ್ನೋ ಮಾತೇ ಇಲ್ಲ.

ಪ್ರಿಂಟು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಮೊದಲು ಕಾಗದದ ಮೇಲೆ ನೆಗೆಟಿವ್ ತಯಾರಾಗುತ್ತಿತ್ತು, ಅದರಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದಿತ್ತು. ಎಷ್ಟು ಬೇಕಾದರೂ ತೆಗೆಯಬಹುದು ಅಂದ ಕೂಡಲೇ ಅದೊಂದು ದಂಧೆಯಾಯಿತು. ಟಾಲ್ಬಟ್‌ನ ಸಹಾಯಕ ನಿಕೊಲಾಸ್ ಹೆನೆಮನ್ 1844ರಲ್ಲಿ ರೀಡಿಂಗ್ ಎಂಬ ಊರಿನಲ್ಲಿ ಪ್ರಿಂಟಿಂಗ್ ಮನೆ ತೆರೆದ. ಟಾಲ್ಬಟ್‌ನ 'ದಿ ಪೆನ್ಸಿಲ್ ಆಫ್ ನೇಚರ್' ಪುಸ್ತಕಕ್ಕೆ ಅಂಟಿಸುವ ಪ್ರಿಂಟುಗಳು ತಯಾರಾದದ್ದು ಅಲ್ಲೇ. 1846ರಲ್ಲಿ 'ಆರ್ಟ್-ಯೂನಿಯನ್' ಎಂಬ ಪತ್ರಿಕೆ ತನ್ನ ಪ್ರತಿಯೊಂದು ಪ್ರತಿಯಲ್ಲೂ ಒಂದು ಅಸಲಿ ಫೋಟೊ ಅಂಟಿಸಿ ಹಂಚಿತು. ಅದಕ್ಕೆ ಸಾವಿರಾರು ಪ್ರಿಂಟು ಅವಸರವಸರವಾಗಿ ಬೇಕಾದವು. ಬಂದವು ಕೂಡ. ಓದುಗರಿಗೆ ಖುಷಿಯೋ ಖುಷಿ. ಸ್ವಲ್ಪ ಕಾಲ ಕಳೆಯುವಷ್ಟರಲ್ಲಿ ಅವು ಹಳದಿಗಟ್ಟಿ ಮಾಸತೊಡಗಿದವು. ಫೋಟೊ ಎಂದರೆ ಏನು ಅಂತ ಜನ ಮೊದಲ ಬಾರಿ ಕೈಯಲ್ಲಿ ಹಿಡಿದು ನೋಡಿದ್ದೇ ಅದನ್ನು. ಇದು ನಿಲ್ಲುವ ವಸ್ತುವಲ್ಲ ಅನ್ನೋ ಅಪವಾದ ಟಾಲ್ಬಟ್‌ನ ಇಡೀ ವಿಧಾನಕ್ಕೇ ಅಂಟಿಕೊಂಡಿತು.

ಆದದ್ದೇನು ಅಂದರೆ, ಬೆಳ್ಳಿಯ ಲವಣ ಬೆಳಕಿಗೆ ಕಪ್ಪಾಗುತ್ತದೆ, ಆ ಕಪ್ಪೇ ಚಿತ್ರ. ಕಪ್ಪಾಗದೆ ಉಳಿದ ಲವಣವನ್ನು ತೆಗೆಯದಿದ್ದರೆ ಇಡೀ ಕಾಗದ ನಿಧಾನಕ್ಕೆ ಕಪ್ಪಾಗುತ್ತದೆ. ಆ ಲವಣವನ್ನು ಕರಗಿಸುವ ವಸ್ತುವನ್ನು ಜಾನ್ ಹರ್ಷೆಲ್ ಎಂಬ ವಿಜ್ಞಾನಿ 1819ರಷ್ಟು ಹಿಂದೆಯೇ ಗುರುತಿಸಿದ್ದ. ನಮ್ಮ ಸ್ಟುಡಿಯೋಗಳ ಡಾರ್ಕ್‌ರೂಮಿನಲ್ಲಿ ಕೊನೇವರೆಗೂ 'ಹೈಪೋ' ಅಂತ ಕರೀತಿದ್ದದ್ದು ಅದನ್ನೇ. ಆದರೆ ಹೈಪೋ ತನ್ನ ಕೆಲಸ ಮುಗಿಸಿದ ಮೇಲೆ ಅದನ್ನೂ ಕಾಗದದಿಂದ ತೊಳೆದು ಕಳಿಸಬೇಕು. ಎಳೆಗಳೊಳಗೆ ಸ್ವಲ್ಪ ಉಳಿದರೂ ಅದರಲ್ಲಿರುವ ಗಂಧಕ ಮುಂದೆ ಬೆಳ್ಳಿಯನ್ನು ತಿನ್ನಲು ಶುರುಮಾಡುತ್ತದೆ. ಚೆನ್ನಾಗಿ ತೊಳೆದ ಪ್ರಿಂಟಿಗೂ ಅರೆಬರೆ ತೊಳೆದ ಪ್ರಿಂಟಿಗೂ ಕೌಂಟರಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣೋದಿಲ್ಲ. ನಮ್ಮ ಕಡೆ ಹೇಳೋದಾದರೆ, ಟೆಸ್ಟ್ ಎಲ್ಲ ಪಾಸಾಗಿ, ಡೆಮೊ ದಿನ ಚಪ್ಪಾಳೆ ಗಿಟ್ಟಿಸಿ, ಎರಡು ವರ್ಷದ ಮೇಲೆ ಪ್ರೊಡಕ್ಷನ್ನಿನಲ್ಲಿ ಸಿಡಿಯುವ ಬಗ್ ಇದು. ಅಷ್ಟೊತ್ತಿಗೆ ಕೋಡ್ ಬರೆದವನು ಬೇರೆ ಕಂಪನಿ ಸೇರಿರುತ್ತಾನೆ.

ಇದೇ ಹೊತ್ತಿಗೆ ಇನ್ನೊಂದು ದಾರಿಯನ್ನೂ ಒಬ್ಬ ತೋರಿಸಿದ. ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ 1851ರಲ್ಲಿ ಲೀಲ್ ನಗರದ ಬಳಿ ದೊಡ್ಡ ಪ್ರಿಂಟಿಂಗ್ ಮನೆ ತೆರೆದ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿಕೆಯಾಗಿತ್ತು. ತೊಳೆಯುವುದು ಬಿಡುವಾದಾಗ ಮಾಡುವ ಕೆಲಸ ಆಗಿರಲಿಲ್ಲ, ಅದೂ ಲೆಕ್ಕದಲ್ಲಿ ಸೇರಿದ ಒಂದು ಹಂತ. ಅಲ್ಲಿಂದ ಹೊರಬಂದ ಪ್ರಿಂಟುಗಳು ಇವತ್ತಿಗೂ ಗಟ್ಟಿಯಾಗಿರೋದಕ್ಕೆ ಹೆಸರುವಾಸಿ. ಎರಡೂ ಕಡೆ ವಸ್ತು ಬೆಳ್ಳಿಯೇ, ಕಾಗದವೇ, ಹೈಪೋವೇ. ಹೆಚ್ಚುಕಡಿಮೆ ಆಗಿದ್ದು ಶಿಸ್ತಿನಲ್ಲಿ. ದುಃಖದ ಸಂಗತಿ ಅಂದರೆ ಆ ಪ್ರಿಂಟಿಂಗ್ ಮನೆ 1855ರಲ್ಲೇ ಮುಚ್ಚಿತು. ಅಷ್ಟು ಜತನದಿಂದ ಮಾಡಿದ್ದನ್ನು ಲಾಭಕ್ಕೆ ಮಾರೋದು ಆಗಲೂ ಸುಲಭ ಇರಲಿಲ್ಲ.

ಅದೇ 1855ರಲ್ಲಿ ಲಂಡನ್ನಿನ ಫೋಟೊಗ್ರಫಿಕ್ ಸೊಸೈಟಿ ಒಂದು ಸಮಿತಿ ರಚಿಸಿತು. ಜನ ಅದನ್ನು ಕರೆದದ್ದು 'ಫೇಡಿಂಗ್ ಕಮಿಟಿ' ಅಂತ. ಬಣ್ಣ ಮಾಸುವುದು ಯಾಕೆ ಅಂತ ಕಂಡುಹಿಡಿಯೋದೇ ಅದರ ಕೆಲಸ. ವಿಕ್ಟೋರಿಯಾ ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್ ಖರ್ಚಿಗೆ 50 ಪೌಂಡ್ ಕೊಟ್ಟ. ಸಮಿತಿಯ ವರದಿ ಹೇಳಿದ್ದು ಇಷ್ಟು: ಸರಿಯಾಗಿ ತೊಳೆಯದೆ ಉಳಿಯುವ ಹೈಪೋ ದೊಡ್ಡ ಕಾರಣ, ತೇವ ಮತ್ತು ಗಾಳಿಯಲ್ಲಿರುವ ಗಂಧಕ ಇನ್ನುಳಿದ ಕಾರಣಗಳು, ಚಿನ್ನದ ದ್ರಾವಣದಲ್ಲಿ ಅದ್ದಿ ಟೋನ್ ಮಾಡಿದರೆ ಪ್ರಿಂಟಿಗೆ ರಕ್ಷಣೆ ಹೆಚ್ಚು. ಫೋಟೊ ಹುಟ್ಟಿ ಹದಿನಾರೇ ವರ್ಷಕ್ಕೆ ಅದು ಮಾಸುವುದರ ಬಗ್ಗೆ ಸಮಿತಿ ಕೂರಿಸಬೇಕಾಯಿತು ಅಂದರೆ ಹಿಂದಿನ ಕಾಲದ್ದೆಲ್ಲ ಗಟ್ಟಿ ಅನ್ನೋ ಮಾತನ್ನು ಇಲ್ಲಿಗೇ ಬಿಡಬಹುದು.

ಕಾರಣ ಗೊತ್ತಾಯಿತು. ಆದರೆ ಮಾರುಕಟ್ಟೆ ಆಗಲೇ ಬೇರೆ ದಿಕ್ಕಿಗೆ ಓಡುತ್ತಿತ್ತು. 1854ರಲ್ಲಿ ಪ್ಯಾರಿಸ್ಸಿನ ದಿಸ್ದೇರಿ ಒಂದೇ ಗಾಜಿನ ಪ್ಲೇಟಿನ ಮೇಲೆ ಹಲವು ಪುಟ್ಟ ಭಾವಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಮಾಡಿಸಿದ. ವಿಸಿಟಿಂಗ್ ಕಾರ್ಡಿನ ಅಳತೆಯ ಈ ಫೋಟೊಗಳಿಂದ ಭಾವಚಿತ್ರ ಅನ್ನೋದು ಅರಮನೆಯಿಂದ ಅಂಗಡಿ ಬೀದಿಗೆ ಇಳಿಯಿತು. ಅವುಗಳ ಕಾಗದಕ್ಕೆ ಹಚ್ಚುತ್ತಿದ್ದದ್ದು ಮೊಟ್ಟೆಯ ಬಿಳಿಭಾಗ. 1888ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಒಂದೇ ಕಂಪನಿ 18,674 ರೀಮ್ ಕಾಗದ ತಯಾರಿಸಿತು. ಒಂದು ರೀಮಿಗೆ 27 ಡಜನ್ ಮೊಟ್ಟೆ. ಲೆಕ್ಕ ಹಾಕಿದರೆ ಒಂದು ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಮೊಟ್ಟೆ! ಈ ಕಾಗದ ಹೊಸದಿದ್ದಾಗ ಬಹಳ ಚೆಂದ. ಹೊಳಪಿದೆ, ಸೂಕ್ಷ್ಮ ವಿವರ ಇದೆ. ವಯಸ್ಸಾದಂತೆ ಬಿಳಿ ಭಾಗ ಹಳದಿಯಾಗುತ್ತದೆ, ತೆಳು ಛಾಯೆಗಳು ಮೊದಲು ಅಳಿಯುತ್ತವೆ. ಬೆಟ್ಟ-ಗುಡಿಗಳ ಫೋಟೊದಲ್ಲಿ ತೆಳು ಛಾಯೆ ಅಂದರೆ ಆಕಾಶ, ಹೋದರೂ ನಷ್ಟ ಕಡಿಮೆ. ಭಾವಚಿತ್ರದಲ್ಲಿ ತೆಳು ಛಾಯೆ ಅಂದರೆ ಹಣೆ, ಕೆನ್ನೆ, ಬಿಳಿ ಪೇಟದ ಮಡಿಕೆ, ನಕ್ಕಾಗ ಕಣ್ಣಂಚಿನಲ್ಲಿ ಮೂಡುವ ಗೆರೆ. ಯಾವುದಕ್ಕೆ ಫೋಟೊ ತೆಗೆಸಿದ್ದೆವೋ ಅದೇ ಮೊದಲು ಹೋಗುತ್ತದೆ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಒಬ್ಬಳು. ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದವಳು. 48ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿದ್ದಾಗ ಮೊದಲ ಕ್ಯಾಮೆರಾ ಹಿಡಿದು ಆ ಕಾಲದ ಶ್ರೇಷ್ಠ ಭಾವಚಿತ್ರಗಳನ್ನು ತೆಗೆದಳು. ಅವಳ ಮುಂದೆ ಕೂತವರಲ್ಲಿ ಡಾರ್ವಿನ್ ಇದ್ದ, ಕವಿ ಟೆನಿಸನ್ ಇದ್ದ, ಹೈಪೋ ಗುಣ ಕಂಡುಹಿಡಿದ ಅದೇ ಜಾನ್ ಹರ್ಷೆಲ್ ಕೂಡ ಇದ್ದ. 1875ರ ಹೊತ್ತಿಗೆ ಅವಳು ತನ್ನ ಆಯ್ದ ಚಿತ್ರಗಳನ್ನು ಆಟೊಟೈಪ್ ಎಂಬ ಕಂಪನಿಯಿಂದ 'ಕಾರ್ಬನ್ ಪ್ರಿಂಟ್' ಮಾಡಿಸಿದಳು. ಜೋಸೆಫ್ ಸ್ವಾನ್ 1864ರಲ್ಲಿ ಪೇಟೆಂಟ್ ಪಡೆದ ಈ ವಿಧಾನದಲ್ಲಿ ಚಿತ್ರ ಬೆಳ್ಳಿಯದ್ದಲ್ಲ, ಜೆಲಟಿನ್ನಿನಲ್ಲಿ ಬೆರೆಸಿದ ಮಸಿಯ ಪುಡಿಯದ್ದು. ಮಸಿಯನ್ನು ಗಂಧಕ ತಿನ್ನಲಾರದು, ಬೆಳಕು ಸುಲಭಕ್ಕೆ ಕೆಡಿಸಲಾರದು. ಒಂದೂವರೆ ಶತಮಾನ ಆದಮೇಲೂ ಆ ಮುಖಗಳ ಕಪ್ಪು ಕಪ್ಪಾಗಿಯೇ ಇದೆ. ಒಳ್ಳೆ ನೆಗೆಟಿವ್ ಇದ್ದರೆ ಅರ್ಧ ಕೆಲಸ ಮಾತ್ರ ಆದಂತೆ ಅನ್ನೋದು ಆಕೆಗೆ ಗೊತ್ತಿತ್ತು.

ನಮ್ಮ ದೇಶಕ್ಕೆ ಫೋಟೊ ತಡವಾಗೇನೂ ಬರಲಿಲ್ಲ. ದಾಗೇರ್‌ನ ಸಲಕರಣೆಗಳ ಜಾಹೀರಾತು 1840ರಲ್ಲೇ ಕಲ್ಕತ್ತೆಯಲ್ಲಿ ಕಾಣಿಸಿಕೊಂಡಿತು. 1854ರಲ್ಲಿ ಮುಂಬಯಿಯಲ್ಲಿ, 1856ರಲ್ಲಿ ಕಲ್ಕತ್ತೆ ಮತ್ತು ಮದ್ರಾಸಿನಲ್ಲಿ ಫೋಟೊಗ್ರಫಿಕ್ ಸೊಸೈಟಿಗಳು ಹುಟ್ಟಿದವು. ಭಾವಚಿತ್ರದಲ್ಲಿ ದೊಡ್ಡ ಹೆಸರು ಲಾಲಾ ದೀನ್ ದಯಾಳ್ ಅವರದ್ದು. ರೂರ್ಕಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಇಂದೋರಿನಲ್ಲಿ ಸರ್ಕಾರಿ ಕೆಲಸಕ್ಕಿದ್ದು, ಆಮೇಲೆ ಅದನ್ನು ಬಿಟ್ಟು ಕ್ಯಾಮೆರಾ ಹಿಡಿದವರು. (ಇಂಜಿನಿಯರಿಂಗ್ ಓದಿ ಫೋಟೊಗ್ರಾಫರ್ ಆಗೋದು ನಮ್ಮ ಬ್ಯಾಚಿನವರು ಶುರುಮಾಡಿದ್ದೇನಲ್ಲ ನೋಡಿ.) ಬೀದರ್, ಕಲಬುರಗಿ, ರಾಯಚೂರೂ ಸೇರಿದ್ದ ಅಂದಿನ ಹೈದರಾಬಾದ್ ರಾಜ್ಯದ ನಿಜಾಮರಿಗೆ ಅವರು ಆಸ್ಥಾನ ಫೋಟೊಗ್ರಾಫರ್. ಪರದೆಯಲ್ಲಿರುವ ಹೆಂಗಸರಿಗಾಗಿಯೇ 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಸ್ಟುಡಿಯೋ ತೆರೆದರು, ಅದನ್ನು ನಡೆಸುತ್ತಿದ್ದದ್ದೂ ಹೆಣ್ಣುಮಗಳೇ.

ಇಪ್ಪತ್ತನೇ ಶತಮಾನದಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳಿಗೂ ಸ್ಟುಡಿಯೋ ಬಂತು. ಆ ಹೊತ್ತಿಗೆ ಮೊಟ್ಟೆ ಕಾಗದ ಹೋಗಿ ಜೆಲಟಿನ್ ಲೇಪಿಸಿದ ಬ್ರೋಮೈಡ್ ಕಾಗದ ಬಂದಿತ್ತು. ಅಜ್ಜನ ಫೋಟೊ ಈ ಕಾಲದ್ದು. ಅದು ಉಳಿದದ್ದು ಹೇಗೆ? ಒಂದು, ಚಿತ್ರ ಬೆಳ್ಳಿ ಲೋಹದ್ದು. ಎರಡು, ದಪ್ಪ ಕಾಗದವನ್ನು ಹರಿಯುವ ನೀರಿನಲ್ಲಿ ಗಂಟೆಗಟ್ಟಲೆ ತೊಳೆಯುವ ಅಭ್ಯಾಸ ಒಳ್ಳೆ ಸ್ಟುಡಿಯೋಗಳಿಗಿತ್ತು. ಮೂರು, ಸೀಪಿಯಾ. ಆ ಕಂದುಬಣ್ಣ ಬರೀ ಅಂದಕ್ಕೆ ಅಂತ ನಾವು ತಿಳಿದು ಈಗ ಫೋನಿನಲ್ಲಿ ಫಿಲ್ಟರ್ ಹಾಕುತ್ತೇವೆ. ಅಸಲಿಗೆ ಅದು ಬೆಳ್ಳಿಯನ್ನು ಬೇಕೆಂದೇ ಗಂಧಕದ ಜೊತೆ ಸೇರಿಸಿ ಬೆಳ್ಳಿಯ ಸಲ್ಫೈಡ್ ಮಾಡುವ ವಿಧಾನ. ಉಳಿದ ಹೈಪೋದಿಂದ ಕದ್ದು ಬಂದ ಗಂಧಕ ಪ್ರಿಂಟನ್ನು ಕೊಲ್ಲುತ್ತದೆ, ಅದೇ ಗಂಧಕವನ್ನು ಲೆಕ್ಕಾಚಾರದಿಂದ ಪೂರ್ತಿ ಸೇರಿಸಿದರೆ ಮುಂದೆ ಯಾವ ಗಂಧಕವೂ ಅದನ್ನು ಮುಟ್ಟಲಾರದು. ಲಸಿಕೆಯ ಹಾಗೆ.

ಇವು ಮೂರರಲ್ಲಿ ಒಂದು ತಪ್ಪಿದರೂ ಗುರುತು ಉಳಿಯುತ್ತದೆ. ಹಳೇ ಫೋಟೊವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಂಚಿನ ಕಪ್ಪು ಭಾಗದಲ್ಲಿ ನೀಲಿ ಕನ್ನಡಿಯಂಥ ಹೊಳಪು ಕಂಡರೆ ಬೆಳ್ಳಿ ನಿಧಾನಕ್ಕೆ ಮೇಲೆದ್ದು ಬರುತ್ತಿದೆ ಅಂತ ಅರ್ಥ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇನ್ನೊಂದು ರೋಗ. ಮಳೆಗಾಲದ ತೇವಕ್ಕೆ ಜೆಲಟಿನ್ ಉಬ್ಬಿ, ಫ್ರೇಮಿನ ಗಾಜಿಗೇ ಮುಖ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಗಾಜಿನ ಜೊತೆ ಮೂಗೂ ಬರುತ್ತದೆ. ಗಾಜಿಗೂ ಪ್ರಿಂಟಿಗೂ ನಡುವೆ ಒಂದು ರಟ್ಟಿನ ಚೌಕಟ್ಟು ಇಟ್ಟಿದ್ದರೆ ಇದು ತಪ್ಪುತ್ತಿತ್ತು. ಚಿಲ್ಲರೆ ಖರ್ಚಿನ ರಟ್ಟು. ಅದೂ ಕೌಂಟರಿನಲ್ಲಿ ಕಾಣದ ಗುಣವೇ.

ಆಮೇಲೆ ಬಣ್ಣ ಬಂತು. ಕಲರ್ ಪ್ರಿಂಟಿನಲ್ಲಿ ಕೊನೆಗೆ ಬೆಳ್ಳಿ ಇರೋದೇ ಇಲ್ಲ. ತಿಳಿನೀಲಿಯ ಸಯಾನ್, ಮೆಜೆಂಟಾ, ಹಳದಿ ಅಂತ ಮೂರು ಪದರಗಳಲ್ಲಿ ಮೂರು ಬಣ್ಣದ ರಾಸಾಯನಿಕ ಮಾತ್ರ ಉಳಿಯುತ್ತದೆ. ಮೂರೂ ಒಂದೇ ವೇಗದಲ್ಲಿ ಮಾಸಿದ್ದರೆ ಫೋಟೊ ಸುಮ್ಮನೆ ತೆಳುವಾಗುತ್ತಿತ್ತು. ಹಾಗಾಗಲಿಲ್ಲ. ಆ ಕಾಲದ ಬಹಳಷ್ಟು ಕಾಗದಗಳಲ್ಲಿ, ಕತ್ತಲಲ್ಲಿ ಇಟ್ಟರೂ ಸಯಾನ್ ಮೊದಲು ಹೋಯಿತು. ಸಯಾನ್ ಹೋದರೆ ಉಳಿಯೋದು ಕೆಂಪು. ಎಷ್ಟೇ ಜೋಪಾನವಾಗಿ ಬೀರುವಿನಲ್ಲಿಟ್ಟರೂ ಮದುವೆ ಆಲ್ಬಮ್ ಕೆಂಪಾದದ್ದು ಇದಕ್ಕೇ. ತಪ್ಪು ನಿಮ್ಮಮ್ಮನದ್ದಲ್ಲ, ಬೀರುವಿನದ್ದೂ ಅಲ್ಲ.

ಇದರ ದಾಖಲೆಯನ್ನು ಹಟ ಹಿಡಿದು ಬರೆದಿಟ್ಟವನು ಅಮೆರಿಕದ ಹೆನ್ರಿ ವಿಲ್ಹೆಲ್ಮ್. ಕೊಡಾಕ್ ಕಂಪನಿ 1942ರಲ್ಲಿ ಕೊಡಾಕಲರ್ ತಂದ ಮೇಲಿನ ಮೊದಲ ಹನ್ನೊಂದು-ಹನ್ನೆರಡು ವರ್ಷದ ಪ್ರಿಂಟುಗಳನ್ನು ಅವನು ಪೂರ್ತಿ ಕಳೆದುಹೋದ ಕಾಲ ಅಂತಲೇ ಕರೆದ. 1993ರಲ್ಲಿ ಬಂದ ಅವನ 700ಕ್ಕೂ ಹೆಚ್ಚು ಪುಟಗಳ ಪುಸ್ತಕದಲ್ಲಿ ಭಾವಚಿತ್ರ ಮತ್ತು ಮದುವೆ ಫೋಟೊಗ್ರಾಫರುಗಳಿಗೆಂದೇ ಒಂದು ಅಧ್ಯಾಯ ಇದೆ. ಮಾಸಿದ ಫೋಟೊ ಹಿಡಿದು ಬರುವ ಗ್ರಾಹಕ ಕಂಪನಿಯ ಬಾಗಿಲಿಗೆ ಹೋಗೋದಿಲ್ಲ, ಸ್ಟುಡಿಯೋ ಬಾಗಿಲಿಗೇ ಬರೋದು. ಕಾಗದ ತಯಾರಿಸಿದವರು ಹೇಳದೆ ಉಳಿಸಿದ್ದಕ್ಕೆ ಫೋಟೊ ತೆಗೆದವನು ಉತ್ತರ ಕೊಡಬೇಕು. ಈ ಒತ್ತಡದಿಂದಲೂ, ಕಂಪನಿಗಳ ನಡುವಿನ ಪೈಪೋಟಿಯಿಂದಲೂ ಎಂಬತ್ತರ ದಶಕದ ನಡುವಿನಿಂದ ಕಾಗದಗಳು ಸುಧಾರಿಸುತ್ತಾ ಬಂದವು.

ಬಣ್ಣದ ವಿಷಯದಲ್ಲಿ ಇನ್ನೊಂದು ಮಾತಿದೆ. ಇದು ಮಾಸುವುದಕ್ಕೆ ಸಂಬಂಧಿಸಿದ್ದಲ್ಲ, ಯಾರ ಬಣ್ಣವನ್ನು ಸರಿ ಅಂತ ಇಟ್ಟುಕೊಂಡರು ಅನ್ನೋದಕ್ಕೆ ಸಂಬಂಧಿಸಿದ್ದು. ಲ್ಯಾಬಿನ ಯಂತ್ರ ಸರಿಯಾಗಿ ಬಣ್ಣ ಕೊಡುತ್ತಿದೆಯೇ ಅಂತ ನೋಡಲು ಕೊಡಾಕ್ ಒಂದು ಮಾದರಿ ಫೋಟೊ ಕಳಿಸುತ್ತಿತ್ತು. ಅದರಲ್ಲಿದ್ದದ್ದು ಬಿಳಿ ಹೆಣ್ಣುಮಗಳು. ಮೊದಲ ಮಾದರಿಯಾಗಿದ್ದ ಉದ್ಯೋಗಿಯ ಹೆಸರಿನಿಂದ ಅದಕ್ಕೆ 'ಶರ್ಲಿ ಕಾರ್ಡ್' ಅಂತಲೇ ಹೆಸರು ಬಿತ್ತು. ಆಕೆಯ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿ. ಕಪ್ಪು, ಕಂದು ಚರ್ಮದವರ ಮುಖದಲ್ಲಿ ವಿವರವೇ ಇಲ್ಲದೆ ಬರೀ ಕಣ್ಣು-ಹಲ್ಲು ಉಳಿದರೂ ಯಂತ್ರ ಸರಿಯೇ. ಕೆನಡಾದ ಸಂಶೋಧಕಿ ಲೋರ್ನಾ ರಾತ್ ಈ ಕಥೆಯನ್ನು ವಿವರವಾಗಿ ಬರೆದಿದ್ದಾರೆ. ಕಂಪನಿ ಕಂದುಬಣ್ಣದ ಕಡೆ ಗಮನ ಕೊಡಲು ಕಾರಣವಾದವರಲ್ಲಿ ಚಾಕೊಲೇಟು ಮತ್ತು ಮರದ ಪೀಠೋಪಕರಣ ಮಾರುವವರೂ ಇದ್ದರಂತೆ, ಅವರ ಜಾಹೀರಾತಿನಲ್ಲಿ ಛಾಯೆಗಳು ಸರಿಯಾಗಿ ಬರುತ್ತಿರಲಿಲ್ಲ ಅಂತ. ಡೀಫಾಲ್ಟ್ ಅನ್ನೋದು ಯಾವತ್ತೂ ಯಾರೋ ಒಬ್ಬರ ತೀರ್ಮಾನ. ಇವತ್ತಿಗೂ ಯಂತ್ರದ ಆಟೊ ಕರೆಕ್ಷನ್ನಿಗೆ ಬಿಟ್ಟ ಪ್ರಿಂಟಿನಲ್ಲಿ ಎಣ್ಣೆಗೆಂಪು ಮೈಬಣ್ಣದ ಹುಡುಗಿ ಸುಣ್ಣ ಬಳಿದ ಹಾಗೆ ಬರೋದು, ಅಥವಾ ಹೊಲದಲ್ಲಿ ದುಡಿದ ದೊಡ್ಡಪ್ಪನ ಮುಖ ಕಪ್ಪು ಮುದ್ದೆಯಾಗೋದು ನೋಡಿದ್ದೇವಲ್ಲ. ಒಳ್ಳೆ ಲ್ಯಾಬಿನಲ್ಲಿ ಒಬ್ಬ ಮನುಷ್ಯ ಕೂತು ಆ ಮುಖವನ್ನು ನೋಡಿ ತೀರ್ಮಾನ ಮಾಡುತ್ತಾನೆ. ನಾವು ದುಡ್ಡು ಕೊಡೋದು ಆ ಕಣ್ಣಿಗೂ ಸೇರಿ.

ಡಿಜಿಟಲ್ ಬಂದ ಮೇಲೆ ಈ ಕಾಟ ಮುಗೀತು ಅಂತ ಎಲ್ಲರೂ ಅಂದುಕೊಂಡರು. 2000ದಲ್ಲಿ ಎಪ್ಸನ್ ಕಂಪನಿ ಫೋಟೊ ಪ್ರಿಂಟಿಗೆಂದೇ 1270 ಎಂಬ ಇಂಕ್‌ಜೆಟ್ ಪ್ರಿಂಟರ್ ಬಿಟ್ಟಿತು. ಮನೆಯಲ್ಲೇ ಸ್ಟುಡಿಯೋ ಗುಣಮಟ್ಟ, ವರ್ಷಗಟ್ಟಲೆ ಮಾಸದ ಬಣ್ಣ ಅಂತ ಜನ ಮುಗಿಬಿದ್ದು ಕೊಂಡರು. ಕೆಲವರ ಪ್ರಿಂಟುಗಳು ವಾರಗಳಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಬೆಳಕಿನಲ್ಲಿಟ್ಟು ಪರೀಕ್ಷೆ ಮಾಡಿದಾಗ ಸರಿಯಾಗೇ ಇದ್ದ ಸಯಾನ್ ಶಾಯಿಯನ್ನು ಗಾಳಿಯಲ್ಲಿರುವ ಓಝೋನ್ ತಿನ್ನುತ್ತಿತ್ತು. ಕಾಗದದ ಮೇಲ್ಮೈಯ ಸೂಕ್ಷ್ಮ ರಂಧ್ರಗಳು ಶಾಯಿಯನ್ನು ಬೇಗ ಒಣಗಿಸುತ್ತಿದ್ದವು, ಅದೇ ರಂಧ್ರಗಳಿಂದ ಗಾಳಿಯೂ ಒಳಗೆ ಹೋಗುತ್ತಿತ್ತು. "ನನ್ನ ಮಷೀನಿನಲ್ಲಿ ಸರಿಯಾಗೇ ಓಡ್ತಿತ್ತು" ಅಂತ ನಾವು ಹೇಳ್ತೀವಲ್ಲ, ಅದೇ ಕಥೆ. 1855ರ ಸಮಿತಿ ಗಾಳಿಯ ಬಗ್ಗೆ ಎಚ್ಚರಿಸಿ ಆಗಲೇ 145 ವರ್ಷ ಆಗಿತ್ತು.

ಪರಿಹಾರವೂ ಹಳೆಯದೇ. ನೀರಿನಲ್ಲಿ ಕರಗುವ ಡೈ ಶಾಯಿಯ ಬದಲು, ಕರಗದ ಸೂಕ್ಷ್ಮ ಪುಡಿಯ ಪಿಗ್ಮೆಂಟ್ ಶಾಯಿ ತಂದರು. ಕ್ಯಾಮೆರಾನ್ ಕಾರ್ಬನ್ ಪ್ರಿಂಟಿನಲ್ಲಿ ನಂಬಿದ್ದು ಇದೇ ತತ್ವವನ್ನು. ಇವತ್ತು ಒಳ್ಳೆ ಲ್ಯಾಬುಗಳು ಭಾವಚಿತ್ರಕ್ಕೆ ಕೊಡುವ ಆಯ್ಕೆ ಮುಖ್ಯವಾಗಿ ಎರಡು: ಲೇಸರಿನಿಂದ ಬರೆದು ರಾಸಾಯನಿಕದಲ್ಲಿ ತೊಳೆಯುವ ಸುಧಾರಿತ ಕಲರ್ ಕಾಗದ, ಇಲ್ಲವೇ ಹತ್ತಿಯ ಕಾಗದದ ಮೇಲೆ ಪಿಗ್ಮೆಂಟ್ ಶಾಯಿ. ಇವೆರಡೂ ಸರಿಯಾಗಿ ಮಾಡಿದರೆ ನಮ್ಮ ಆಯಸ್ಸಿಗೆ ಸಾಕಾಗುವಷ್ಟು ಬಾಳುತ್ತವೆ.

ಆದರೆ ಮಾರಾಟ ಆಗೋದು ಮಾತ್ರ ಈಗಲೂ ಕೌಂಟರಿನ ಗುಣವೇ. ಕರಿಜ್ಮಾ ಆಲ್ಬಮ್ ತೋರಿಸುವಾಗ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ "ನೋಡಿ ಸಾರ್, ಹರಿಯಲ್ಲ" ಅಂತಾರೆ. ಹರಿಯದಿರೋದು ಪ್ಲಾಸ್ಟಿಕ್ಕಿನ ಗುಣ. ಮುಖದ ಬಣ್ಣ ಎಷ್ಟು ವರ್ಷ ನಿಲ್ಲುತ್ತದೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಣ್ಣು ಕುಕ್ಕುವ ಬಿಳಿ ಕಾಗದವೂ ಹಾಗೇ. ಬಟ್ಟೆ ಸೋಪಿನ ಪುಡಿಯಲ್ಲಿ ಹಾಕುವಂಥ ಹೊಳಪಿನ ರಾಸಾಯನಿಕ ಆ ಕಾಗದದಲ್ಲೂ ಇರುತ್ತದೆ. ಬೆಳಕಿಗೆ ಅದರ ಶಕ್ತಿ ಕುಂದಿದಂತೆ ಬಿಳಿ ಮಂಕಾಗಿ, ಅದರ ಮೇಲಿನ ಮುಖವೂ ಮಂಕಾಗುತ್ತದೆ.

"ಫೈಲ್ ಇದೆಯಲ್ಲ, ಬೇಕಾದಾಗ ಮತ್ತೆ ಪ್ರಿಂಟ್ ಹಾಕಿಸಿದರಾಯಿತು" ಅನ್ನೋ ಮಾತು ಬಂದೇ ಬರುತ್ತದೆ. ಸರಿ, ಯಾವ ಫೈಲ್? ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಹನ್ನೊಂದನೇ ದಿನದೊಳಗೆ ಗೋಡೆಗೆ ಹಾಕಲು ಫೋಟೊ ಬೇಕು. ಆಗ ಹುಡುಕಾಟ ಶುರು. ಮದುವೆ ಗ್ರೂಪ್ ಫೋಟೊದಲ್ಲಿ ಮೂಲೆಯಲ್ಲಿ ನಿಂತದ್ದು, ವೋಟರ್ ಐಡಿಯಲ್ಲಿ ಬೆದರಿದ ಮುಖ, ಕೊನೆಗೆ ಮೊಮ್ಮಗನ ವಾಟ್ಸ್ಯಾಪಿನಲ್ಲಿ ಬಂದ ಒಂದು ಫೋಟೊ. 12 ಇಂಚು ಅಗಲ, 18 ಇಂಚು ಉದ್ದದ ಪ್ರಿಂಟನ್ನು ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಹಾಕಲು 3600 ಗುಣಿಸು 5400 ಪಿಕ್ಸೆಲ್ ಬೇಕು. ವಾಟ್ಸ್ಯಾಪಿನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದ ಫೋಟೊ ಉದ್ದದಲ್ಲಿ ಸುಮಾರು 1600ಕ್ಕೆ ಇಳಿದಿರುತ್ತದೆ. ಅಂದರೆ ಇಂಚಿಗೆ 90 ಚುಕ್ಕಿಯೂ ಇಲ್ಲ. ಉಳಿದದ್ದನ್ನು ಸಾಫ್ಟ್‌ವೇರ್ ಊಹಿಸಿ ತುಂಬುತ್ತದೆ. ಈಗ ಎಐ ಇನ್ನೂ ಚೆನ್ನಾಗಿ ಊಹಿಸುತ್ತದೆ, ಇಲ್ಲದ ಹುಬ್ಬನ್ನೂ ಬರೆದುಕೊಡುತ್ತದೆ. ಚರ್ಮ ನುಣುಪಾಗುತ್ತದೆ, ಹಣೆಯ ಗಾಯದ ಗುರುತು ಮಾಯವಾಗುತ್ತದೆ. ಹೂವಿನ ಹಾರದೊಳಗೆ ಯಾರೋ ಅಜ್ಜಿಯನ್ನು ಹೋಲುವವರು ಇರುತ್ತಾರೆ. ಪ್ರತಿ ವರ್ಷ ತಿಥಿ ದಿನ ಕುಂಕುಮ ಇಟ್ಟು ಕೈಮುಗಿಯೋದು ಆ ಮುಖಕ್ಕೆ.

ಕಳೆದ ಇಪ್ಪತ್ತು ವರ್ಷದಲ್ಲಿ ಎಷ್ಟು ಹಾರ್ಡ್ ಡಿಸ್ಕ್ ಸತ್ತವು, ಎಷ್ಟು ಸಿಡಿ ಓದಲಾಗದೆ ಹೋದವು, ಎಷ್ಟು ಪಾಸ್‌ವರ್ಡ್ ಮರೆತುಹೋದವು ಅಂತ ನಮ್ಮ ಕಸುಬಿನವರಿಗೆ ಹೇಳಬೇಕಾಗಿಲ್ಲ. ಫೈಲಿಗೆ ಬ್ಯಾಕಪ್ ಬೇಕು ಅಂತ ಎಲ್ಲರಿಗೂ ಗೊತ್ತು. ಚೆನ್ನಾಗಿ ಹಾಕಿದ ಪ್ರಿಂಟು ಕರೆಂಟು, ಅಪ್‌ಡೇಟು, ಲಾಗಿನ್ ಏನೂ ಕೇಳದ ಬ್ಯಾಕಪ್. ಐವತ್ತು ವರ್ಷದ ಮೇಲೆ ಅದನ್ನು ತೆರೆಯಲು ಕಣ್ಣು ಸಾಕು.

ಹಾಗಾಗಿ ಫೋಟೊಗ್ರಾಫರ್ ಕೊಡುವ ಪ್ಯಾಕೇಜಿನಲ್ಲಿ ಪ್ರಿಂಟಿನ ಸಾಲು ಬಂದಾಗ ಸುಮ್ಮನೆ ತಲೆಯಾಡಿಸಬೇಡಿ. ಡ್ರೋನಿಗೆ, ಪ್ರೀ-ವೆಡ್ಡಿಂಗ್ ವಿಡಿಯೋಗೆ ಲಕ್ಷ ಕೊಟ್ಟು ಪ್ರಿಂಟಿನ ಹತ್ತಿರ ಬಂದಾಗ ಚೌಕಾಸಿ ಮಾಡುವವರೇ ಜಾಸ್ತಿ. ಹತ್ತು ಅಗ್ಗದ ಹಾಳೆಗಳ ಬದಲು ಎರಡು ಒಳ್ಳೆ ಪ್ರಿಂಟು ಹಾಕಿಸಿ, ಒಂದು ಗೋಡೆಗೆ, ಇನ್ನೊಂದು ಬೆಳಕು-ತೇವ ತಾಗದ ಕಡೆ ಎತ್ತಿಡಲು. ಯಾವ ಕಾಗದ, ಯಾವ ಶಾಯಿ, ಬಣ್ಣ ನೋಡಿ ಸರಿಮಾಡುವವರು ಯಾರು, ಗಾಜಿಗೂ ಪ್ರಿಂಟಿಗೂ ನಡುವೆ ಜಾಗ ಬಿಡ್ತೀರಾ ಅಂತ ಕೇಳಿ. ಒಳ್ಳೆ ಕಸುಬುದಾರ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳೋದಿಲ್ಲ, ಕುರ್ಚಿ ಎಳೆದು ಕೂರಿಸಿ ಅರ್ಧ ಗಂಟೆ ಮಾತಾಡುತ್ತಾನೆ. ತಾನು ಒಳಗೆ ಮಾಡುವ ಕೆಲಸವನ್ನು ಯಾರಾದರೂ ಕೇಳಲಿ ಅಂತ ಅವನು ಎಷ್ಟು ದಿನದಿಂದ ಕಾಯುತ್ತಿದ್ದಾನೋ.